ಖಾರ ಬೀಸಿದ ಸೋಮವಾರ

ನಮ್ಮೂರಿನಲ್ಲಿ ನಾಳೆ ಯಾವ ವಾರ ಎಂದು ಕೇಳುವವರು ಒಂದೋ ಊರಿಗೆ ಹೊಸಬರು, ಇಲ್ಲವೇ ಬುದ್ಧಿ ಬಲಿಯದ ಮಕ್ಕಳು. ಶುಕ್ರವಾರ ಆದ ಮೇಲೆ ಶನಿವಾರವೇ ಬರಬೇಕೆಂದು ಇಲ್ಲಿ ಯಾರೂ ಬರೆದುಕೊಟ್ಟಿಲ್ಲ. ಇನ್ನೊಂದು ಶುಕ್ರವಾರ ಬರಬಹುದು, ಮಂಗಳವಾರ ಬರಬಹುದು. ಒಂದರ ಬೆನ್ನಿಗೆ ಒಂದು ಭಾನುವಾರಗಳೇ ಬಂದು ಮೇಷ್ಟರುಗಳೆಲ್ಲ ಮನೆಯಲ್ಲಿ ಕೂತು ಹೆಂಡತಿಯರ ಕೈಲಿ ಬೈಸಿಕೊಳ್ಳುವುದೂ ಉಂಟು. ಬೆಳಗಿನ ಜಾವ ಸರ್ಕಲ್ಲಿನ ಹಲಗೆಯ ಮೇಲೆ ಏನು ಮೂಡಿರುತ್ತದೋ ಅದೇ ಅವತ್ತಿನ ವಾರ. ಅದನ್ನು ಯಾರು ಬರೆಯುತ್ತಾರೆ ಅಂತ ಚಿಕ್ಕವಳಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ. "ಸೂರ್ಯನ್ನ ಯಾರು ಎಬ್ಬಿಸ್ತಾರೆ ಅಂತ ಕೇಳ್ತೀಯೇನೇ? ಹೋಗಿ ಹಲ್ಲುಜ್ಜು," ಅಂದಿದ್ದಳು. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು.

ಆ ಹಲಗೆಯ ಎದುರಿಗೇ ನನ್ನ ಹಿಟ್ಟಿನ ಮಿಲ್ಲು. ನಮ್ಮ ಮಾವನವರ ಕಾಲದ್ದು. ನಮ್ಮ ಯಜಮಾನರು ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಊರವರ ಬಾಯಲ್ಲಿ ನಾನು ಮಿಲ್ಲಿನ ಅಂಬುಜಕ್ಕ. ಬೆಳಕು ಹರಿಯುವ ಮೊದಲೇ ಷಟರ್ ಎತ್ತುವುದರಿಂದ ಹಲಗೆಯನ್ನು ಎಲ್ಲರಿಗಿಂತ ಮೊದಲು ನೋಡುವವಳೂ ನಾನೇ. ಸೋಮವಾರವಾದರೆ ರಾಗಿ, ಮಂಗಳವಾರ ಅಕ್ಕಿ, ಬುಧವಾರ ಗೋಧಿ, ಗುರುವಾರ ಒಣಮೆಣಸಿನಕಾಯಿ, ಶುಕ್ರವಾರ ಕಡಲೆಬೇಳೆ, ಶನಿವಾರ ಸಾರಿನಪುಡಿ. ಭಾನುವಾರ ಮಿಲ್ಲಿಗೆ ರಜ. ಮಿಲ್ಲಿನಲ್ಲೇ ಇಟ್ಟಿರುವ ನಮ್ಮ ಸರಕನ್ನು ಮೊದಲು ಒಂದು ಸುತ್ತು ಬೀಸಿಬಿಟ್ಟರೆ ಸಾಕು, ಗಾಳಿ ಅದನ್ನು ಮನೆಮನೆಗೂ ಮುಟ್ಟಿಸುತ್ತದೆ. ಹಾಸಿಗೆಯಲ್ಲೇ ಮೂಗೆಳೆದು ಜನ ವಾರ ತಿಳಿದುಕೊಳ್ಳುತ್ತಾರೆ. ಸೀನು ಬಂತೋ, ಗುರುವಾರ. ಹೀಗಿರುವಾಗ ಸರ್ಕಲ್ಲಿನ ತನಕ ನಡೆದುಬಂದು, ಕತ್ತೆತ್ತಿ, ಮಾಸಿದ ಅಕ್ಷರ ಓದುವ ಉಸಾಬರಿ ಯಾರಿಗೆ ಬೇಕು? ಹಲಗೆ ಅಲ್ಲಿದೆ ಅನ್ನುವುದನ್ನೇ ಎಷ್ಟೋ ಜನ ಮರೆತಿದ್ದರು.

ವಾರ ಹೀಗೆ ಮನಸ್ಸಿಗೆ ಬಂದಂತೆ ಬರುವ ಊರಲ್ಲಿ ಮನುಷ್ಯರಾದವರು ಒಂದನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಲ್ಲ. ನಾವು ಹಿಡಿದುಕೊಂಡದ್ದು ಇಷ್ಟು: ಆ ವಾರದ ಕೆಲಸ ಆ ವಾರಕ್ಕೇ. ಹಿಂದೆ ಒಮ್ಮೆ ಕ್ಷೌರದ ಮುದ್ದಪ್ಪ ಯಾರೋ ಮದುಮಗನ ಕಾಟ ತಡೆಯಲಾರದೆ ಮಂಗಳವಾರ ಅಂಗಡಿ ತೆಗೆದ. ಅದನ್ನು ನೋಡಿ ಬುಧವಾರದ ಸಂತೆಯವರು ಅವತ್ತೇ ಗಾಡಿ ಹೂಡಿದರು. ಸಂತೆ ನೋಡಿ ಶಾಲೆಗೆ ಬೀಗ ಬಿತ್ತು. ಬೀಗ ನೋಡಿ ಹೆಂಗಸರು ಭಾನುವಾರವೆಂದುಕೊಂಡು ಮಕ್ಕಳಿಗೆ ಎಣ್ಣೆ ಹಚ್ಚಿ ಕೂರಿಸಿದರು. ಅಯ್ಯೋ, ಆ ತಬ್ಬಿಬ್ಬು ಇಳಿಯಲು ಎಷ್ಟು ಕಾಲ ಹಿಡಿಯಿತೋ. ಇವತ್ತಿಗೂ ಮುದ್ದಪ್ಪನ ಹೆಸರು ಬಂದರೆ ಹಿರಿಯರು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ.

ಇಂಥ ಊರಲ್ಲಿ ನಾನು ಸಾಹಿತ್ಯ ಬಳಗವೊಂದರ ಕಾರ್ಯದರ್ಶಿ! ಗುರುವಾರದ ಬಳಗ ಎಂದು ಹೆಸರು. ಗುರುವಾರ ಸಂಜೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರಿ, ಬರೆದದ್ದನ್ನು ಓದಿ, ಒಬ್ಬರನ್ನೊಬ್ಬರು ಹೊಗಳಿ, ಮನೆಗೆ ಹೋಗಿ ಬೈದುಕೊಳ್ಳುವುದು ನಮ್ಮ ಪದ್ಧತಿ. ಒಂದು ಕಾಲಕ್ಕೆ ಕಿಟಕಿಯಲ್ಲೂ ಜನ ಕೂರುತ್ತಿದ್ದರು. ಆದರೆ ಗುರುವಾರ ಒಮ್ಮೊಮ್ಮೆ ಮಳೆಗಾಲವಿಡೀ ಮುಖ ತೋರಿಸುವುದಿಲ್ಲ. ಅಷ್ಟರಲ್ಲಿ ಕವಿಗೆ ಮದುವೆಯಾಗಿರುತ್ತದೆ, ಕವಿತೆ ನಿಂತಿರುತ್ತದೆ. ಇನ್ನೊಮ್ಮೆ ಗುರುವಾರದ ಮೇಲೆ ಗುರುವಾರ ಬಂದು, "ಏನ್ರೀ ದಿನಾ ಬರ್ಕೊಂಡು ಬರೋಕೆ ನಾವೇನು ಗುಮಾಸ್ತರಾ?" ಎಂದು ಸಿಡುಕುತ್ತಾರೆ. ಹಾಗೆ ಉದುರಿ ಉದುರಿ ಕೊನೆಗೆ ಉಳಿದದ್ದು ಐದು ಜನ. ಐದಕ್ಕಿಂತ ಕಡಿಮೆಯಾದರೆ, ಅಥವಾ ಒಂದು ಗುರುವಾರ ಬಾಗಿಲು ತೆಗೆಯದಿದ್ದರೆ, ಕೋಣೆಯನ್ನು ಕೇರಂ ಆಡುವವರಿಗೆ ಕೊಡುವುದಾಗಿ ವಾಚನಾಲಯದ ಅಧ್ಯಕ್ಷ ಫಣಿರಾಜಯ್ಯ ಕಾದು ಕೂತಿದ್ದರು. ನಾನೂ ಒಂದು ಕಾಲಕ್ಕೆ ಕಥೆ ಬರೆಯುತ್ತಿದ್ದವಳೇ. ಕಾರ್ಯದರ್ಶಿ ಆದ ಮೇಲೆ ನನ್ನ ಕೃತಿಯೆಂದರೆ ಮನೆಮನೆ ಬಾಗಿಲಲ್ಲಿ ನಿಂತು "ಈ ಸಲ ತಪ್ಪಿಸ್ಬೇಡಿ ಕಣ್ರೀ" ಅನ್ನುವುದೊಂದೇ.

ಉಳಿದವರಲ್ಲಿ ಕುಮುದಾ ಟೀಚರ್ ಕವಿತೆ ಬರೆಯುತ್ತಾರೆ. ಎಲ್ಲವೂ ಅವರ ತಂಗಿಯ ಮೇಲಿನ ಸಿಟ್ಟಿನವು. ವಾಚ್ ರಿಪೇರಿಯ ನಜೀರ್ ಸಾಬರದು ಚುಟುಕ. "ಗಂಟೆ ನಾನು ಸರಿ ಮಾಡ್ತೀನಿ, ವಾರ ಅಲ್ಲಾನೇ ನೋಡ್ಕೋಬೇಕು," ಅನ್ನುವುದು ಅವರ ಮಾತು. ಲೋಲಾಕ್ಷಿ ಎಂಬ ಹುಡುಗಿ ಕಂಕುಳಲ್ಲಿ ಮಗು, ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ ಹಿಡಿದು ತಪ್ಪದೆ ಬರುತ್ತಿದ್ದಳು. ಓದು ಅಂದರೆ, "ಮುಂದಿನ ಸಲ ಅಕ್ಕ," ಎಂದು ಕೆಂಪಗಾಗುತ್ತಿದ್ದಳು. ಇವರೆಲ್ಲ ಬರುತ್ತಿದ್ದದ್ದು ನಿಜವಾಗಿ ಅಡವೀಶಪ್ಪನವರ ಕಥೆಗಾಗಿ. ಅಡವೀಶಪ್ಪನವರು ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಆ ಕಂಠಕ್ಕೆ ಎತ್ತುಗಳು ತಿರುಗಿ ನೋಡುತ್ತಿದ್ದವಂತೆ. ಮೇಜಿನ ಮೇಲೆ ಕೋಲಿನಿಂದ ಮೂರು ಏಟು ಕುಟ್ಟಿದರೆಂದರೆ ಮಂಡಿ ಗಪ್‌ಚಿಪ್. ನಮ್ಮ ಕೋಣೆಯಲ್ಲೂ ಹಾಗೇ ಕುಟ್ಟಿ ಓದು ಶುರುಮಾಡುತ್ತಿದ್ದರು.

ಅವರ ಕಥೆಯಲ್ಲಿ ಹೊನ್ನಾಜಿ ಎಂಬ ಹೆಂಗಸು. ಆಚೆ ದಡಕ್ಕೆ ಕೊಟ್ಟ ತಂಗಿ ಜಗಳವಾಡಿ ಮಾತು ಬಿಟ್ಟಿದ್ದಾಳೆ. ಅವಳನ್ನು ನೋಡಲೇಬೇಕೆಂದು ಹೊನ್ನಾಜಿ ಒಬ್ಬಳೇ ಹರಿಗೋಲು ಹತ್ತಿದ್ದಾಳೆ. ಹತ್ತಿದವಳು ಎಷ್ಟೋ ಗುರುವಾರಗಳಿಂದ ನಡುಹೊಳೆಯಲ್ಲೇ ಇದ್ದಳು. ಒಮ್ಮೆ ಸುಳಿ, ಒಮ್ಮೆ ಮಂಜು, ಒಮ್ಮೆ ಹುಟ್ಟು ಕೈತಪ್ಪಿ ತೇಲಿಹೋಯಿತು. "ಈ ಸಲನಾದ್ರೂ ದಡ ಮುಟ್ಟಿಸ್ರೀ, ಪಾಪ ಅವಳಿಗೂ ನೆಗಡಿ ಆಗಿರುತ್ತೆ," ಎಂದು ನಜೀರ್ ಸಾಬರು ಗೋಗರೆದರೆ, "ಹೊಳೆ ನನ್ನ ಮಾತು ಕೇಳುತ್ತಾ ಸಾಬ್ರೇ?" ಎಂದು ಅಡವೀಶಪ್ಪನವರು ನಗುತ್ತಿದ್ದರು.

ನಗು ಈಚೀಚೆಗೆ ಸೀಟಿಯ ಹಾಗೆ ಹೊರಡುತ್ತಿತ್ತು. ಗಂಟಲಲ್ಲಿ ಗಂಟು ಬೆಳೆದಿತ್ತು. ಹೊರಗಿನಿಂದ ಬಂದು ನಮ್ಮೂರಲ್ಲಿ ನಿಂತ ಡಾಕ್ಟರ್ ಪೀಟರ್ ನೋಡಿ, ಕೊಯ್ಯದೆ ಗತಿಯಿಲ್ಲ, ಕೊಯ್ದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ನೇರ ಹೇಳಿದರು. ನಮ್ಮ ಆಸ್ಪತ್ರೆಯಲ್ಲಿ ಕೊಯ್ಯುವುದು ಸೋಮವಾರ ಮಾತ್ರ. "ಬರೋ ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ. ತಡ ಮಾಡಿದ್ರೆ ಉಸಿರಿಗೇ ಕುತ್ತು."

ಅಡವೀಶಪ್ಪನವರು ಅಲ್ಲಿಂದ ನೇರ ಮಿಲ್ಲಿಗೆ ಬಂದರು. ಗೋಧಿಯ ಮೂಟೆಯ ಮೇಲೆ ಕೂತು, "ಅಂಬುಜಮ್ಮ, ಕಥೆ ಮುಗಿಸಿಬಿಟ್ಟಿದೀನಿ. ಒಂದೇ ಓದು ಉಳಿದಿರೋದು. ಸೋಮವಾರಕ್ಕಿಂತ ಮುಂಚೆ ಒಂದು ಗುರುವಾರ ಬಂದ್ರೆ ನನ್ನ ಬಾಯಲ್ಲೇ ಓದಿ ಹೋಗ್ತೀನಿ. ಬೇರೆ ಯಾರಾದ್ರೂ ಓದಿದ್ರೆ ಅದು ಹೊನ್ನಾಜಿ ಆಗಲ್ಲ," ಅಂದರು. ಜೀವಮಾನವಿಡೀ ಊರಿಗೆ ಬೆಲೆ ಕೂಗಿದ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು. ಹಿಟ್ಟಿನ ಧೂಳೆಂದು ಕಣ್ಣು ಒರೆಸಿಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ದಿನಾ ಬೆಳಿಗ್ಗೆ ಗುರುವಾರ ಬರಲಿ ಎನ್ನುತ್ತ ಹಲಗೆ ನೋಡುವುದು. ಮಂಗಳವಾರ. ಶನಿವಾರ. ಮತ್ತೆ ಶನಿವಾರ. ಭಾನುವಾರ ಬಂದಾಗ, ಭಾನುವಾರದ ಪಕ್ಕದಲ್ಲಿ ಸೋಮವಾರ ಇರುತ್ತದೆಂದು ಯಾವುದೋ ಹಳೆಯ ಕ್ಯಾಲೆಂಡರಿನಲ್ಲಿ ನೋಡಿದ್ದು ನೆನಪಾಗಿ ಮರುದಿನ ಕತ್ತಲಿರುವಾಗಲೇ ಹಲಗೆಯ ಬುಡಕ್ಕೆ ಓಡಿದೆ. ಬಂದದ್ದು ಶುಕ್ರವಾರ. ಯಾವತ್ತಾದರೂ ಬರುವುದೇನೋ ಬರುತ್ತದೆ, ಆದರೆ ಮೊದಲು ಯಾವುದು? ಎಲ್ಲಿ ಹೋದರೂ ಇದೇ ಲೆಕ್ಕಾಚಾರ, ಲೆಕ್ಕಕ್ಕೇ ಸಿಗದ ಲೆಕ್ಕಾಚಾರ. ತಡೆಯಲಾರದೆ ಶುಕ್ರವಾರವೇ ಸೇರೋಣವೆಂದು ಕುಮುದಾ ಟೀಚರನ್ನು ಕೇಳಿದೆ. ಅವರು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು, "ಮೆತ್ತಗೆ ಮಾತಾಡಿ ಅಂಬುಜಕ್ಕ! ಗುರುವಾರದ ಕೆಲಸ ಶುಕ್ರವಾರ ಮಾಡೋದಾ? ಮುದ್ದಪ್ಪ ಒಬ್ಬ ಸಾಲದಾ ಈ ಊರಿಗೆ?" ಅಂದರು. ನಜೀರ್ ಸಾಬರು ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು ಗಡಿಯಾರದೊಳಗೆ ಮುಖ ಇಟ್ಟರು.

ಒಂದು ಬೆಳಿಗ್ಗೆ ಷಟರ್ ಎತ್ತಿ ನೋಡುತ್ತೇನೆ, ಹಲಗೆಯ ಮೇಲೆ ಸೋಮವಾರ. ಕಣ್ಣು ಉಜ್ಜಿಕೊಂಡು ನೋಡಿದೆ. ಹತ್ತಿರ ಹೋಗಿ ನೋಡಿದೆ. ಸೋಮವಾರವೇ. ಒಳಗೆ ಬಂದು ರಾಗಿಯ ಡಬ್ಬಕ್ಕೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಖಾರದ ಮೆಷಿನ್ನು, ಅದರ ಕಾಲಬುಡದಲ್ಲಿ ಮೆಣಸಿನಕಾಯಿ ಚೀಲ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಳಗಿನ ಹೊತ್ತಿಗೆ ಮಾತ್ರ ಗುರುವಾರ ಮಾಡೋಣ, ಓದು ಮುಗಿದ ತಕ್ಷಣ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಆಮೇಲೆ ಊರು ನನ್ನನ್ನು ಏನು ಬೇಕಾದರೂ ಅನ್ನಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ಬುದ್ಧಿವಂತಿಕೆಯ ಯೋಚನೆ ಅನ್ನಿಸಿತು. ಖಾರದ ಮೆಷಿನ್ನಿನ ಸ್ವಿಚ್ ಒತ್ತಿದೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಮೊದಲ ಸೀನು ಕೇಳಿಸಿತು. ಆಮೇಲೆ ಮೇಲಿನ ಬೀದಿ, ಕೆಳಗಿನ ಬೀದಿ. ಆಮೇಲೆ ಊರೇ ಸೀನಿತು. ನಾನು ಸೆರಗು ಮೂಗಿಗೆ ಕಟ್ಟಿಕೊಂಡು ಮನೆಮನೆಗೆ ಓಡಿದೆ. ಸಂಜೆ ತನಕ ಕಾಯಲಾಗದು, ಈ ಸಲ ಬೆಳಿಗ್ಗೆಯೇ ಸೇರೋಣ ಎಂದೆ. ಹೊತ್ತು ಬದಲಾದದ್ದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ವಾರ ಸರಿಯಾಗಿದ್ದರೆ ಸಾಕು ಅವರಿಗೆ. ಅಡವೀಶಪ್ಪನವರು ಬಾಗಿಲಲ್ಲೇ ನಿಂತಿದ್ದರು, ಸೀನಿ ಸೀನಿ ಕಣ್ಣೆಲ್ಲ ನೀರು. "ಗುರುವಾರಾನೇ ಮೊದಲು ಬಂತಲ್ಲ ಅಂಬುಜಮ್ಮ! ನಾನು ಎಷ್ಟು ಪುಣ್ಯ ಮಾಡಿದ್ದೆ ನೋಡಿ," ಅಂದರು. ಒಳಗಿಂದ ಅವರ ಹೆಂಡತಿ ಸಿದ್ದಮ್ಮ ರೊಟ್ಟಿ ತಂದರೆ, "ಓದೋಕೆ ಮುಂಚೆ ಏನೂ ತಿನ್ನಬೇಡಿ, ಗಂಟಲು ಹಿಡಿಯುತ್ತೆ," ಎಂದು ತಡೆದೆ. ಲೋಲಾಕ್ಷಿಯ ಉಪ್ಪಿಟ್ಟಿನ ಡಬ್ಬಿಯನ್ನು ಅವತ್ತು ನನ್ನ ಮಡಿಲಲ್ಲೇ ಇಟ್ಟುಕೊಂಡು ಕೂತೆ.

ಮೇಜಿನ ಮೇಲೆ ಮೂರು ಏಟು ಬಿತ್ತು. ಅಡವೀಶಪ್ಪನವರು ಓದತೊಡಗಿದರು. ದನಿ ಒಡೆದಿತ್ತು, ನಡುನಡುವೆ ಗಾಳಿಯಷ್ಟೇ ಬರುತ್ತಿತ್ತು. ಆದರೂ ಹೊಳೆ ಕೇಳಿಸಿತು, ಹರಿಗೋಲಿನ ತೊಗಲಿಗೆ ನೀರು ಬಡಿಯುವುದು ಕೇಳಿಸಿತು. ಹೊನ್ನಾಜಿ ದಡ ಮುಟ್ಟಿದಳು. ಒದ್ದೆ ಸೀರೆಯಲ್ಲೇ ಏರಿ ಹತ್ತಿ ತಂಗಿಯ ಮನೆಯ ಬಾಗಿಲು ತಟ್ಟಿದಳು. ಏನೇನೋ ಹೇಳಬೇಕೆಂದು ಹೊಳೆಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಾಳೆ. ತಂಗಿ ಬಾಗಿಲು ತೆಗೆದಳು, ಮೇಲಿಂದ ಕೆಳಗೆ ನೋಡಿದಳು, "ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ? ಅನ್ನ ಆರಿಹೋಯ್ತು," ಅಂದಳು. ಅಷ್ಟೇ. ಅಲ್ಲಿಗೆ ಕಥೆ ಮುಗಿಯಿತು. ಕುಮುದಾ ಟೀಚರ್ ಗೋಡೆಯ ಕಡೆ ತಿರುಗಿ ಕೂತರು. ನಜೀರ್ ಸಾಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಲೋಲಾಕ್ಷಿ ಮಾತ್ರ ಬಿಟ್ಟ ಕಣ್ಣು ಬಿಟ್ಟ ಹಾಗೆ ಅಡವೀಶಪ್ಪನವರನ್ನೇ ನೋಡುತ್ತಿದ್ದಳು, ಇನ್ನೂ ಏನೋ ಇದೆ ಅನ್ನುವಂತೆ.

ನಾನು ಎದ್ದು ನಿಂತು ನಿಜ ಹೇಳಿದೆ. ಇವತ್ತು ಸೋಮವಾರ, ಆಸ್ಪತ್ರೆಗೆ ಹೊರಡೋಣ ಎಂದೆ. ಕುಮುದಾ ಟೀಚರ್ ಕೆನ್ನೆ ಬಡಿದುಕೊಂಡರು. ಅಡವೀಶಪ್ಪನವರು ಸೀಟಿಯ ನಗು ನಕ್ಕು, "ಭಲೇ ಅಂಬುಜಮ್ಮ," ಎಂದು ಎದ್ದರು. ಎಲ್ಲರೂ ಸೇರಿ ಆಸ್ಪತ್ರೆಗೆ ನಡೆದೆವು. ಕೊಯ್ಯುವ ಕೋಣೆಗೆ ಬೀಗ ಹಾಕಿತ್ತು. ನರ್ಸು ಜಗಲಿಯಲ್ಲಿ ಕೂತು ಹತ್ತಿ ಸುತ್ತುತ್ತಿದ್ದಳು. "ಡಾಕ್ಟರು ಜೀಪಲ್ಲಿ ಹಳ್ಳಿಗಳಿಗೆ ಹೋದ್ರಲ್ಲ, ಮಕ್ಕಳಿಗೆ ಚುಚ್ಚೋಕೆ. ಗುರುವಾರ ಅಲ್ವಾ ಇವತ್ತು?" ಅಂದಳು. ಬಳಗದವರನ್ನು ನಂಬಿಸುವ ಭರದಲ್ಲಿ ಡಾಕ್ಟರಿಗೂ ಒಂದು ಮೂಗಿದೆ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ. ಮಿಲ್ಲಿನ ಪಕ್ಕದ ಮನೆಯಲ್ಲೇ ಬಾಡಿಗೆಗೆ ಇರುವ ಮನುಷ್ಯ! ಮೊದಲು ಸೀನಿದವರೇ ಅವರಿರಬೇಕು.

ಮಧ್ಯಾಹ್ನದ ಹೊತ್ತಿಗೆ ಯಾರೋ ಕತ್ತೆತ್ತಿ ಹಲಗೆ ಓದಿದರು. ಊರು ಉರಿದು ಬಿತ್ತು. ಗುರುವಾರವೆಂದು ಒಪ್ಪತ್ತು ಮಾಡಿದ್ದವರು ಅರ್ಧ ಹೊಟ್ಟೆಯಲ್ಲಿ ಎದ್ದರು. ಸೋಮವಾರವೇ ಮಾಡಬೇಕಾದ್ದನ್ನು ಮಾಡದವರು, ಮಾಡಬಾರದ್ದನ್ನು ಮಾಡಿದವರು, ಈಗ ಉಳಿದರ್ಧ ದಿನವನ್ನು ಯಾವ ವಾರವೆಂದು ಕಳೆಯಬೇಕೋ ತಿಳಿಯದವರು, ಎಲ್ಲ ಮಿಲ್ಲಿನ ಮುಂದೆ ನೆರೆದು ನನ್ನ ಮಾನ ಹರಾಜು ಹಾಕಿದರು. ಸಂಜೆ ಡಾಕ್ಟರ್ ಪೀಟರ್ ಬಂದು ವಿಷಯ ತಿಳಿದು ಬಾಗಿಲಲ್ಲಿ ನಿಂತರು. ಅವರು ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಮುಂದಿನ ಸೋಮವಾರ ಯಾವತ್ತು ಅಮ್ಮ?" ಎಂದು ಕೇಳಿದರು, ನಿಜವಾಗಿ ಗೊತ್ತಿಲ್ಲದ ಮಗುವಿನ ಹಾಗೆ. ಎಲ್ಲರೂ ಹೋದ ಮೇಲೆ ಸಿದ್ದಮ್ಮ ಬಂದಳು. "ಕಥೆ ಕೇಳೋಕೆ ನನ್ನ ಗಂಡನ ಉಸಿರನ್ನೇ ಪಣಕ್ಕಿಟ್ರಾ ಅಕ್ಕ?" ಅಂದಳು. ಮನೆಯಲ್ಲಿ ಅವರು ಮಲಗಲಾರದೆ ಗೋಡೆಗೊರಗಿ ಕೂತಿದ್ದಾರೆ, ಉಸಿರು ಎಳೆದುಕೊಳ್ಳುವ ಸದ್ದು ಅಡುಗೆಮನೆಗೆ ಕೇಳುತ್ತಿದೆ ಎಂದಳು. ಕಾಲು ಹಿಡಿದುಕೊಳ್ಳಲು ಬಗ್ಗಿದೆ. ಅವಳು ಹಿಂದೆ ಸರಿದು ಹೊರಟುಹೋದಳು.

ಎಷ್ಟು ಕಾಲದಿಂದ ಗುರುವಾರ ಬರಲಿ, ಗುರುವಾರ ಬರಲಿ ಎಂದು ಬೇಡಿಕೊಂಡ ಬಾಯಿ ನನ್ನದು. ಮರುದಿನ ಬೆಳಕು ಹರಿಯುವಾಗ ಅದೇ ಬಾಯಲ್ಲಿ, "ಇನ್ನೊಂದೇ ಒಂದು ಸೋಮವಾರ ಕೊಡಪ್ಪಾ, ಆಮೇಲೆ ಗುರುವಾರವೇ ಬೇಡ," ಎನ್ನುತ್ತ ಷಟರ್ ಎತ್ತಿದೆ. ಹಲಗೆಯ ಮೇಲೆ ಗುರುವಾರ ಎಂದಿತ್ತು. ದುಂಡಗೆ, ಸ್ಪಷ್ಟವಾಗಿ, ಎಂದೂ ಇಲ್ಲದಷ್ಟು ಸ್ಪಷ್ಟವಾಗಿ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಂದು ದಿನ ಕಾದಿದ್ದರೆ ಅಂತಲೋ, ಒಂದು ದಿನ ಕಾಯಲು ಆಗುತ್ತಿರಲಿಲ್ಲವಲ್ಲ ಅಂತಲೋ, ಯಾವುದಕ್ಕೆ ಅಳಬೇಕು ಅನ್ನುವುದೇ ತಿಳಿಯಲಿಲ್ಲ. ನಿನ್ನೆ ಸೋಮವಾರವನ್ನು ಗುರುವಾರ ಮಾಡಿದ್ದಕ್ಕೆ ಇವತ್ತು ನಿಜವಾದ ಗುರುವಾರ ಬಂದು ಎದುರಿಗೆ ನಿಂತಿದೆ, ಈಗ ಏನು ಮಾಡ್ತೀಯೋ ಮಾಡು ಎಂದು. ಎದ್ದು ಒಳಗೆ ಹೋಗಿ ರಾಗಿ ಬೀಸಿದೆ.

ನಿನ್ನೆ ಮೋಸ ಹೋದ ಜನ ಇವತ್ತು ಹಾಸಿಗೆಯಲ್ಲಿ ಮೂಗೆಳೆದು ಸುಮ್ಮನಿರುತ್ತಾರೆಯೇ? ಸರ್ಕಲ್ಲಿನಲ್ಲಿ ಜಾತ್ರೆ ನೆರೆದ ಹಾಗೆ ನೆರೆದರು. ಮೇಲೆ ನೋಡಿದರೆ ಗುರುವಾರ, ಗಾಳಿ ಎಳೆದುಕೊಂಡರೆ ಸೋಮವಾರ. "ಕಣ್ಣು ಒಂದು ಹೇಳುತ್ತೆ, ಮೂಗು ಇನ್ನೊಂದು ಹೇಳುತ್ತೆ, ನಾವು ಯಾರ ಮಾತು ಕೇಳೋಣ?" ಎಂದು ಮುದ್ದಪ್ಪ ಗಡ್ಡ ಕೆರೆದುಕೊಂಡ. ಡಾಕ್ಟರ್ ಪೀಟರ್ ಹಲ್ಲುಜ್ಜುವ ಬ್ರಷ್ ಕೈಯಲ್ಲಿ ಹಿಡಿದೇ ಹೊರಗೆ ಬಂದರು. ಹಲಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಮೆಷಿನ್ನಿನ ಬಾಯಿಗೆ ರಾಗಿ ಸುರಿಯುತ್ತಲೇ ಇದ್ದೆ.

"ಇವತ್ತು ಸೋಮವಾರ ಅಲ್ವಾ ಅಮ್ಮ?" ಎಂದರು.

"ಹೌದು ಡಾಕ್ಟ್ರೇ. ವಾಸನೆ ಬರ್ತಿಲ್ವಾ?"

"ಬರ್ತಿದೆ, ಬರ್ತಿದೆ. ನನಗೆ ಕನ್ನಡ ಓದೋಕೆ ಅಷ್ಟು ಚೆನ್ನಾಗಿ ಬರಲ್ಲ. ಮೂಗು ಚೆನ್ನಾಗಿದೆ," ಎಂದು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿ, ಹಿಂದೆ ನಿಂತಿದ್ದ ನರ್ಸಿನ ಕಡೆ ತಿರುಗಿದರು. "ಬೀಗ ತೆಗೀರಿ ಸಿಸ್ಟರ್." ನರ್ಸು ಹಲಗೆಯ ಕಡೆ ಕಣ್ಣೆತ್ತದೆ ಸೆರಗು ಸಿಕ್ಕಿಸಿಕೊಂಡು ನಡೆದಳು. ಗುಂಪಿನ ನಡುವಿನಿಂದ ಸಿದ್ದಮ್ಮ ಬಂದಳು. ತಲೆಯ ಮೇಲೆ ಪುಟ್ಟ ಮೂಟೆ. ಅದನ್ನು ನನ್ನ ಕಟ್ಟೆಯ ಮೇಲೆ ಧೊಪ್ಪನೆ ಇಳಿಸಿ, ನನ್ನ ಮುಖ ನೋಡದೆ, "ರಾಗಿ ಇದೆ, ಬೀಸಿಕೊಡಿ," ಅಂದಳು. ಅವಳ ಹಿಂದೆ ಇನ್ನೊಬ್ಬಳು ಮೊರದಲ್ಲಿ ರಾಗಿ ಹಿಡಿದು ಬಂದಳು. ಅವಳ ಹಿಂದೆ ಮತ್ತೊಬ್ಬಳು. ನೋಡನೋಡುತ್ತ ಸಾಲು ಹಲಗೆಯ ಬುಡದ ತನಕ ಬೆಳೆಯಿತು.

ಫಣಿರಾಜಯ್ಯ ಮಾತ್ರ ಕೊಡೆಯ ತುದಿಯನ್ನು ಹಲಗೆಯ ಕಡೆ ಎತ್ತಿ ತೋರಿಸಿದರು. "ನಾನು ಹಲಗೆ ನಂಬೋನು. ಇವತ್ತು ಗುರುವಾರ. ಕಾರ್ಯದರ್ಶಿಗಳೇ, ಸಂಜೆ ಕೋಣೇಲಿ ಐದು ಜನ ಇರ್ತೀರಾ?" ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಇರುತ್ತೇವೆ ಎಂದರೆ ಇವತ್ತು ಗುರುವಾರವೆಂದು ನನ್ನ ಬಾಯಲ್ಲೇ ಒಪ್ಪಿದ ಹಾಗೆ. ಆಸ್ಪತ್ರೆಯ ಬೀಗ ಮತ್ತೆ ಬೀಳುತ್ತದೆ. ಆ ಕೋಣೆಗಾಗಿ ನಾನು ಸವೆಸಿದ ಚಪ್ಪಲಿ, ಕಳೆದುಕೊಂಡ ಕಥೆಗಳು, ಗುಡಿಸಿದ ಕಸ ಎಲ್ಲ ಒಟ್ಟಿಗೆ ನೆನಪಾಯಿತು. "ಸೋಮವಾರ ನಮ್ಮ ಬಳಗ ಸೇರಲ್ಲ ಅಧ್ಯಕ್ಷರೇ," ಎಂದೆ. ಅವರು ಕೊಡೆ ಇಳಿಸಿ, "ಸರಿ ಹಾಗಾದ್ರೆ," ಎಂದು ಕೇರಂ ಹುಡುಗರಿಗೆ ಹೇಳಿಕಳಿಸಲು ಹೋದರು.

ಕೊಯ್ದದ್ದು ಚೆನ್ನಾಗಿ ಆಯಿತು ಎಂದು ಡಾಕ್ಟರ್ ಪೀಟರ್ ಮಧ್ಯಾಹ್ನ ಹೇಳಿದಾಗ ಸಿದ್ದಮ್ಮ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ಸಂಜೆ ಆಸ್ಪತ್ರೆಯ ಜಗಲಿಯಲ್ಲಿ, ಅವರನ್ನು ಮಲಗಿಸಿದ್ದ ಕೋಣೆಯ ಕಿಟಕಿಯ ಕೆಳಗೆ ಒಬ್ಬಳೇ ಕೂತಿದ್ದೆ. ಬಳಗ ಮುಗಿದ ಹಾಗೆಯೇ. ಎದ್ದು ಮನೆಗೆ ಹೋಗಲು ಮನಸ್ಸಿಲ್ಲ, ಕೂತು ಮಾಡುವುದೇನೂ ಇಲ್ಲ. ಅಷ್ಟರಲ್ಲಿ ಕುಮುದಾ ಟೀಚರ್ ಬಂದು ಪಕ್ಕದಲ್ಲಿ ಕೂತರು. "ಸೋಮವಾರ ಆಸ್ಪತ್ರೆಗೆ ಬರಬಾರದು ಅಂತ ಎಲ್ಲೂ ಇಲ್ಲವಲ್ಲ," ಎಂದರು, ನಾನು ಕೇಳದಿದ್ದರೂ. ನಜೀರ್ ಸಾಬರು ಬಂದರು, "ಅಡವೀಶಣ್ಣನ ವಾಚು ಕೊಡೋದಿತ್ತು," ಎಂದರು. ಅಡವೀಶಪ್ಪನವರು ವಾಚು ಕಟ್ಟಿದ್ದನ್ನು ನಾನಂತೂ ನೋಡಿಲ್ಲ. ಲೋಲಾಕ್ಷಿ ಮಗುವಿನೊಂದಿಗೆ ಬಂದಳು, ಕಣ್ಣು ಕೆಂಪಾಗಿತ್ತು, ಡಬ್ಬಿ ಇರಲಿಲ್ಲ. ನಾಲ್ವರೂ ಸೋಮವಾರದವರ ಹಾಗೆ ಮುಖ ಮಾಡಿಕೊಂಡು ಕೂತೆವು.

ಕಿಟಕಿಯೊಳಗಿಂದ ಸದ್ದು ಬಂತು. ಕಬ್ಬಿಣದ ಮಂಚದ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದ ಸದ್ದು. ಒಂದು. ಎರಡು. ಮೂರು. ನಾವು ಎದ್ದು ಸರಳು ಹಿಡಿದು ಒಳಗೆ ನೋಡಿದೆವು. ಕತ್ತಿನ ತುಂಬ ಬಿಳಿ ಬಟ್ಟೆ ಸುತ್ತಿದ ಅಡವೀಶಪ್ಪನವರು ಮಂಪರುಗಣ್ಣಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದರು. ಎಣಿಸಿ, ಕೊನೆಗೆ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ಐದು.

ಲೋಲಾಕ್ಷಿ ಮಗುವನ್ನು ನನ್ನ ತೋಳಿಗೆ ಕೊಟ್ಟಳು. ಸೊಂಟದಿಂದ ಮಡಿಸಿದ ಹಾಳೆ ತೆಗೆದಳು. "ನಿನ್ನೆ ಮನೆಗೆ ಬಂದವಳೇ ಕೂತು ಬರೆದೆ ಅಕ್ಕ. ತಪ್ಪಿದ್ರೆ ಹೊಟ್ಟೇಗೆ ಹಾಕ್ಕೊಳ್ಳಿ," ಎಂದು ಸರಳಿಗೆ ಮುಖ ಹಚ್ಚಿ ಓದತೊಡಗಿದಳು. ದನಿ ಎಷ್ಟು ಸಣ್ಣದೆಂದರೆ ಒಳಗೆ ಕೆಮ್ಮುತ್ತಿದ್ದವರನ್ನು ನರ್ಸು ಗದರಿ ಸುಮ್ಮನಿರಿಸಬೇಕಾಯಿತು. ಹೊನ್ನಾಜಿ ಆರಿದ ಅನ್ನ ಉಂಡಳು. ಅಕ್ಕತಂಗಿಯರು ಒಂದೇ ಚಾಪೆಯಲ್ಲಿ ಮಲಗಿದರು. ಬೆಳಿಗ್ಗೆ 'ನಾನೂ ತೌರು ನೋಡಿ ಬರ್ತೀನಿ' ಎಂದು ತಂಗಿಯೂ ಹೊರಟಳು. ಇಬ್ಬರೂ ಏರಿ ಇಳಿದು ಬಂದು ಹರಿಗೋಲಿನ ಹಗ್ಗ ಬಿಚ್ಚಿದರು. ಹೊಳೆ ನಿನ್ನೆಗಿಂತ ತುಂಬಿತ್ತು.

"ಅಲ್ಲಾ! ಮತ್ತೆ ನಡುಹೊಳೇನಾ?" ಎಂದು ನಜೀರ್ ಸಾಬರು ತಲೆ ಚಚ್ಚಿಕೊಂಡರು.

ಲೋಲಾಕ್ಷಿ ಹಾಳೆ ಮಡಿಸಿದಳು. "ಇಷ್ಟೇ ಆಗಿರೋದು. ಉಳಿದದ್ದು ಗುರುವಾರ," ಎಂದಳು. ಅಂದವಳೇ ನಾಲಗೆ ಕಚ್ಚಿಕೊಂಡು ನನ್ನನ್ನು ನೋಡಿದಳು. ಯಾವ ಗುರುವಾರ, ಅದು ಯಾವತ್ತು ಬರುತ್ತದೆ, ಬಂದರೂ ಎಲ್ಲಿ ಕೂರುವುದು, ಒಂದೂ ನನಗೆ ಗೊತ್ತಿರಲಿಲ್ಲ. ಒಳಗೆ ಅಡವೀಶಪ್ಪನವರು ಇನ್ನೂ ಓದು, ಇನ್ನೂ ಓದು ಎಂದು ಮಂಚ ಕುಟ್ಟುತ್ತಲೇ ಇದ್ದರು.